ಹಿತ್ತಲ ಬಾಗಿಲ ಚಿಲಕ

ಕೊಟ್ರಮ್ಮ ಬೀಗದ ಕೈ ಕೊಟ್ಟು ಹೋದದ್ದು ಗುರುವಾರ.
ಹೊಸಬರು ಹಾಲುಕ್ಕಿಸಲು ಬರುವುದು ಸೋಮವಾರ,
ರಾಹುಕಾಲ ಕಳೆದ ಮೇಲೆ.
ನಡುವಿನ ಮೂರು ದಿನ
ನಿಟ್ಟುವಳ್ಳಿಯ ಈ ಎರಡು ಕೋಣೆ ಯಾರದೂ ಅಲ್ಲ,
ಕಂದಾಯದ ರಸೀತಿಯಲ್ಲಿ ಮಾತ್ರ ನನ್ನದು.

ದಾದಾಪೀರ್ ಬಂದ,
ಟಿವಿಎಸ್ಸಿನಲ್ಲಿ ಕಾಲ ನಡುವೆ ಡಿಸ್ಟೆಂಪರ್ ಡಬ್ಬ.
ಗೋಡೆಯನ್ನು ಬೆರಳ ಗೆಣ್ಣಿನಲ್ಲಿ ತಟ್ಟಿ, ಕಿವಿಗೊಟ್ಟು,
'ಇಲ್ಲಿ ಟೊಳ್ಳೈತ್ರಿ ಅಕ್ಕಾ' ಅಂದ.
ಟೊಳ್ಳಿದ್ದ ಕಡೆಯೆಲ್ಲ ಸೀಮೆಸುಣ್ಣದ ಸೊನ್ನೆ.
ಮೂವತ್ತು ವರ್ಷ ಶಾಲೆಯಲ್ಲಿ ಗುಮಾಸ್ತೆಯಾಗಿದ್ದವಳು,
ಸೊನ್ನೆಗಳನ್ನೂ ಎಣಿಸುವ ಚಟ ನನಗೆ:
ಒಟ್ಟು ಹನ್ನೊಂದು.

ಮೊಳೆ ಕಿತ್ತೆವು.
ದಪ್ಪ ತಲೆಯ ತುಕ್ಕಿನದು
ಮಿಲ್ಲು ಮುಚ್ಚಿದ ವರ್ಷ ಬಂದ ಜಾಬರ್ ಪಕ್ಕೀರಪ್ಪನದು;
ಪಾಳಿ ಇಲ್ಲದಿದ್ದರೂ ರಾತ್ರಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ.
ಸ್ಟೀಲಿನ ಸಣ್ಣವು ನರ್ಸಿಂಗ್ ಹುಡುಗಿಯರವು,
ಒಳಗೇ ಹಗ್ಗ ಕಟ್ಟಿ ಬಟ್ಟೆ ಒಣಹಾಕಿ
ನನ್ನಿಂದ ಬೈಸಿಕೊಂಡವರು.
ತೂತಿಗೆ ಬೆರಳಲ್ಲಿ ಪುಟ್ಟಿ ತುಂಬಿ
ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಸವರಿದೆ.
ಸಪಾಟು.

ಸಪಾಟಾಗದ್ದು ನಡುಮನೆಯ ಎಣ್ಣೆ ಕಲೆ.
ನೆಲದಿಂದ ಎರಡೂವರೆ ಅಡಿ, ತಟ್ಟೆಯಷ್ಟಗಲ,
ಕೊಟ್ರಮ್ಮ ತಲೆಯಾನಿಸಿ ಕೂರುತ್ತಿದ್ದ ಜಾಗ.
ಬೆಳಗಿನ ನಾಲ್ಕಕ್ಕೆ ಮಂಡಕ್ಕಿ ಭಟ್ಟಿಗೆ ಹೋಗಿ
ಉಸುಕಿನ ಕಾವಿಗೆ ಮುಖ ಕೊಟ್ಟು ಬಂದವಳು
ಈ ಗೋಡೆಯ ತಂಪಿಗೆ ತಲೆ ಕೊಟ್ಟಳು, ಒಂಬತ್ತು ವರ್ಷ.
ಒಂದು ಕೋಟ್ ಹೊಡೆದರೆ ಒಣಗುತ್ತ ಒಣಗುತ್ತ ಮೇಲೆದ್ದು ಬಂತು.
ಎರಡು ಹೊಡೆದರೆ ಮಸುಕಾಗಿ ಬಂತು,
ಮೋಡದ ಹಿಂದಿನ ಚಂದ್ರ ಅಂತ ಬರೆಯಬಹುದಿತ್ತು,
ಆದರೆ ಅದು ಕೊಬ್ಬರಿ ಎಣ್ಣೆ. ವಾಸನೆಯೂ ಇತ್ತು.
'ಸೋಡಾ ಹಾಕಿ ತಿಕ್ಕಿ ಪ್ರೈಮರ್ ಹೊಡೀಬೇಕ್ರಿ.
ಅವರ ಅಡ್ವಾನ್ಸಿನಾಗೆ ಮುರ್ಕೊಂಡ್ರೋ ಇಲ್ಲೋ?'

ಮುರಿದುಕೊಂಡಿದ್ದೆ,
ಪಟ್ಟಿ ಬರೆದೇ ಮುರಿದುಕೊಂಡಿದ್ದೆ:
ಬಣ್ಣಕ್ಕೆ ಎರಡು ಸಾವಿರ, ಬಚ್ಚಲ ನಲ್ಲಿ ನೂರೆಂಬತ್ತು,
ಹಿತ್ತಲ ಬಾಗಿಲ ಚಿಲಕ, ಕೆಟ್ಟಿದೆ, ನಾನೂರು.
ಕನ್ನಡಕವಿಲ್ಲದ ಆಕೆ ಚೀಟಿ ದೂರ ಹಿಡಿದು ಓದಿ
'ಚಿಲಕ ಕೆಟ್ಟಿಲ್ರಿ...' ಅನ್ನುವಷ್ಟರಲ್ಲಿ
ಲಗೇಜ್ ಆಟೋದವನು ಹಾರನ್ ಹೊಡೆದ.
ಚೀಟಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಭಾನುವಾರ ಬಡಗಿ ವೀರಾಚಾರಿ ಹೊಸ ಚಿಲಕ ತಂದು
ಹಿಡಿದು ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡ.
'ಚಿಲಕದ್ದಲ್ಲಮ್ಮ ತಪ್ಪು. ಚೌಕಟ್ಟು ಕುಸಿದೈತೆ.
ಅದನ್ನ ಎಬ್ಬಿಸ್ಬೇಕಂದ್ರೆ ಆರು ಸಾವಿರ, ನಾಲ್ಕು ದಿನ.'
ಅವನ ಕೂಲಿ ಅವನು ಕೇಳಲಿಲ್ಲ.
ಸಂಜೆಯಾಯಿತು. ಬಾಗಿಲು ಕೂಡಿಕೊಳ್ಳಲಿಲ್ಲ.
ಒಂದು ಗಂಟೆ ಗುದ್ದಾಡಿ, ಕೊನೆಗೆ ಫೋನ್ ಮಾಡಿದೆ.

'ಬಲಗೈಲಿ ಹಿಡಿ ಹಿಡಿದು ಚೂರು ಎತ್ರಿ ಅಕ್ಕಾರೆ.
ಜೋರು ಬ್ಯಾಡ. ಮಲಗಿದ ಕೂಸಿನ ತಲೆ ಎತ್ತಿ
ದಿಂಬು ಇಡ್ತೀವಲ್ರಿ, ಹಂಗೆ.
ಈಗ ಮೊಣಕಾಲು ಕೊಡ್ರಿ. ಈಗ ತಳ್ರಿ.'
ಅವಳ ಹಿಂದೆ ಕುಕ್ಕರ್ ಕೂಗುತ್ತಿತ್ತು, ಯಾವುದೋ ಬೇರೆ ಮನೆಯಲ್ಲಿ.
ಎತ್ತಿದೆ. ಮೊಣಕಾಲು ಕೊಟ್ಟೆ.
ಟಕ್.
ನನ್ನ ಹೆಸರಿಗೆ ಖಾತೆಯಾಗಿ ಇಪ್ಪತ್ತಾರು ವರ್ಷದ ಮನೆ
ಮೊದಲ ಸಲ ನನ್ನ ಮಾತು ಕೇಳಿತು.

'ಕೂತ್ತಾ?' ಅಂದಳು.
'ಹ್ಞೂಂ.'
ನಾನೂರರ ಮಾತನ್ನು ಇಬ್ಬರೂ ಎತ್ತಲಿಲ್ಲ.
ಆಕೆ ಯಾಕೆ ಎತ್ತಲಿಲ್ಲವೋ ಗೊತ್ತಿಲ್ಲ.
ನಾನು ಯಾಕೆಂದು ಗೊತ್ತಿದೆ.

ಸೋಮವಾರ ಹಾಲುಕ್ಕಿತು, ಮೂಡಣಕ್ಕೇ.
ಹೊಸ ಹುಡುಗಿಗೆ ಹಿತ್ತಲ ಬಾಗಿಲು ಕಲಿಸಿದೆ: ಎತ್ತಿ, ಮೊಣಕಾಲು, ತಳ್ಳಿ.
'ರಿಪೇರಿ ಮಾಡ್ಸಿಲ್ವಾ ಆಂಟಿ?'
ನಾನು ಮೆಟ್ಟಿಲು ಹತ್ತುವ ಮೊದಲೇ
ಮೊದಲ ಮೊಳೆಯ ಸದ್ದು ಕೇಳಿಸಿತು,
ಎಣಿಸಿಟ್ಟ ಹನ್ನೊಂದರಲ್ಲಿ ಯಾವುದೋ ಒಂದು ಸೊನ್ನೆಯ ಮೇಲೆ.

ಕೊಟ್ರಮ್ಮನಿಗೆ ಫೋನ್ ಪೇ ಇಲ್ಲ.
ಹೊಸ ಮನೆ ಎಲ್ಲೆಂದು ನಾನು ಕೇಳಿರಲಿಲ್ಲ.
ಭಟ್ಟಿ ಯಾವುದೆಂದು ಗೊತ್ತು.
ಬೆಳಗಿನ ನಾಲ್ಕಕ್ಕೆ ಏಳಬೇಕು, ಅಷ್ಟೆ.