ಭೇಟಿಯ ಉದ್ದೇಶ

ಗಾಜಿನ ಆಚೆ ಕೂತ ಹುಡುಗನಿಗೆ ಇಪ್ಪತ್ತೈದಿರಬಹುದು.
ನಾನು ಈ ಊರು ಬಿಟ್ಟಾಗ ಅವನಿಗಿನ್ನೂ ಹಾಲುಹಲ್ಲು.
ಪಾಸ್‌ಪೋರ್ಟಿನ ಹಾಳೆ ತಿರುವುತ್ತಾನೆ:
ಕಾರ್ಕ್, ವೆಲ್ಲಿಂಗ್ಟನ್, ನಡುವೆ ಒಂದು ವರ್ಷ ಮಾಲ್ಟಾ,
ಎಷ್ಟು ವಾರ್ಡುಗಳೋ ಅಷ್ಟು ಮುದ್ರೆ.
ಭೇಟಿಯ ಉದ್ದೇಶ?
ಹುಟ್ಟಿದ್ದು ಇಲ್ಲೇ ಕಣಪ್ಪ, ಸಲ್ಮಾನಿಯಾ ಆಸ್ಪತ್ರೆಯಲ್ಲಿ,
ಅನ್ನಬಹುದಿತ್ತು.
ಪ್ರವಾಸ, ಅಂದೆ.
ಹದಿನಾಲ್ಕು ದಿನ ಕೊಟ್ಟ.

ಟ್ಯಾಕ್ಸಿಯವನಿಗೆ ಹೂರಾ ಎಂದೆ.
ಕಾರಿನ ಬಾಗಿಲು ತೆರೆದದ್ದೇ ಕನ್ನಡಕ ಪೂರ್ತಿ ಮಂಜು.
ಸೆಪ್ಟೆಂಬರಿನ ಈ ಕುರುಡು ನನಗೆ ಹಳೆಯ ಪರಿಚಯ.
ಒರೆಸಲಿಲ್ಲ, ಸುಮ್ಮನೆ ನಿಂತೆ.

ನಮ್ಮ ಬೀದಿ ಮುಗಿಯುವಲ್ಲಿ ಕಡಲಿತ್ತು.
ಅದನ್ನು ದೂಡಿದ್ದಾರೆ.
ಲಾರಿ ಲಾರಿ ಮರಳು ಸುರಿದು, ಮೇಲೊಂದು ಹೋಟೆಲು,
ಸಾಲಾಗಿ ಖರ್ಜೂರದ ಮರ, ಪ್ರತಿ ಬುಡಕ್ಕೂ ಒಂದು ಕಪ್ಪು ಪೈಪು.
ಅಪ್ಪಯ್ಯನಿಗೆ ಇದರಿಂದ ನಷ್ಟವೇನಿಲ್ಲ.
ಮರವಂತೆಯಲ್ಲಿ ದೋಣಿಯ ಮೇಲೆ ಬೆಳೆದವ
ಇಲ್ಲಿ ಇಪ್ಪತ್ತಾರು ವರ್ಷ ಕಡಲಿಗೆ ಬೆನ್ನು ಹಾಕಿ
ಬೇರೆಯವರ ಬಿಳಿ ತೋಬುಗಳ ಮೇಲೆ ಇಸ್ತ್ರಿ ಓಡಿಸಿದ.
ಬಾಯಲ್ಲಿ ನೀರು ತುಂಬಿ ಫುರ್ರೆಂದು ಉಗಿದರೆ
ಆವಿಯೊಳಗೆ ಒಂದು ಗಳಿಗೆ ಅಪ್ಪಯ್ಯನೇ ಮಾಯ;
ಅಷ್ಟರಲ್ಲಿ ನಾನು ಪಕ್ಕದ ಅಂಗಡಿಗೆ ಓಡಿ ಬಂದಿರುತ್ತಿದ್ದೆ.

ಅರವತ್ತು ತುಂಬಿತು, ವೀಸಾ ಮುಗಿಯಿತು, ಹೊರಟ.
ಗಟ್ಟಿಯಾಗಿಯೇ ಇದ್ದಾನೆ ಈಗಲೂ,
ಬಲೆ ಹೆಣೆಯುವವರ ತಲೆ ತಿನ್ನುತ್ತ.
ಫೋನಿನಲ್ಲಿ ಒಂದೇ ಗಲಾಟೆ:
"ಕೋಯನ ಕೋಲ್ಡ್ ಸ್ಟೋರ್ ಇತ್ತಾ ಕಾಣ್ ಮಗಾ.
ಅಂವ ನಂಗೆ ಮೂರು ದಿನಾರ್ ಕೊಡೂಕಿತ್ತ್. ಬಿಡ್ಬೇಡ."

ಇಸ್ತ್ರಿ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ.
ಕೋಯನದು ಮಾತ್ರ ಹಾಗೇ ಇತ್ತು: ನೇತಾಡುವ ಚಿಪ್ಸಿನ ಪಟ್ಟಿ,
ನಾನು ಮೂಗೊತ್ತಿ ನಿಲ್ಲುತ್ತಿದ್ದ ಫ್ರಿಜ್ಜಿನ
ಅದೇ ಗೊರಗೊರ.
ಗಲ್ಲಾದಲ್ಲಿ ಕೋಯ ಇಲ್ಲ, ಸೋದರಳಿಯ ಶಂಸೀರ್.
ನನ್ನ ಹಿಂದಿ, ಅವನ ಹಿಂದಿ, ಎರಡೂ ಈ ಬೀದಿಯವೇ.
ಸಾಲದ ಮಾತೆತ್ತಿದೆ. ನಕ್ಕ.
ಅಕ್ಕಿಮೂಟೆಯ ಹಿಂದಿನಿಂದ ಉದ್ದ ಪುಸ್ತಕವೊಂದನ್ನು ಎಳೆದ;
ಏನನ್ನೂ ಎಸೆಯಬೇಡ ಎಂದು ಮಾಮ ಹೇಳಿ ಹೋಗಿದ್ದನಂತೆ.
ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ,
ತಿರುವಿದ,
ನಿಂತ.
"ಕೊಡಬೇಕಾದವರು ನಾವಲ್ಲ, ಚೇಚಿ."

ಹಾಲು. ಖುಬ್ಬೂಸು. ರೇಡಿಯೋಗೆ ಎರಡು ಬ್ಯಾಟರಿ.
ಆಮೇಲೆ ಬೇರೆ ಶಾಯಿಯಲ್ಲಿ
ವಾರಕ್ಕೆ ಮೂರು ಸಲ ಮಾವಿನ ರಸದ ಡಬ್ಬಿ.
ಮಲಯಾಳ ನನಗೆ ಓದಲು ಬಾರದು.
ಯಾರ ಹೆಸರಲ್ಲಿ, ಕೇಳಿದೆ.
ಬೆರಳಿಟ್ಟು ಓದಿದ:
ಇಸ್ತ್ರಿಯವನ ಮಗಳು, ನೂರು ಫಿಲ್ಸ್.
ಇಸ್ತ್ರಿಯವನ ಮಗಳು, ನೂರು ಫಿಲ್ಸ್.
ಕೆಳಗೆ ಇನ್ನೂ ಇತ್ತು, ಅವನು ಓದುತ್ತಲೇ ಹೋದ,
ಹಾಜರಿ ಕರೆಯುವ ಮೇಷ್ಟರ ಹಾಗೆ,
ನಾನು ಒಳಗೊಳಗೇ ಪ್ರತಿ ಸಲ
ಹ್ಞಾಂ ಎನ್ನುತ್ತ.

ಹುಟ್ಟಿದ ಚೀಟಿಯೊಂದನ್ನು ಬಿಟ್ಟರೆ
ಈ ದೇಶದಲ್ಲಿ ನನ್ನ ಬಗ್ಗೆ ಯಾರಾದರೂ ಬರೆದಿಟ್ಟದ್ದು
ಇಷ್ಟೇ ಇರಬೇಕು.
ಎಣ್ಣೆ ಕಲೆಯ ಪಕ್ಕ, ನನಗೆ ಬಾರದ ಲಿಪಿಯಲ್ಲಿ.
ಅಪ್ಪಯ್ಯನಿಗೆ ಏನು ಹೇಳಲಿ?
ಅಂಗಡಿ ಮುಚ್ಚಿತ್ತು ಅಂದರಾಯಿತು.

ಒಟ್ಟು ಎರಡು ದಿನಾರ್ ಏಳುನೂರು.
ಎರಡು ಇಟ್ಟೆ.
ಪರ್ಸಿನಲ್ಲಿ ಬೇಕಾದಷ್ಟಿತ್ತು, ಅವನೂ ನೋಡಿದ.
ಉಳಿದದ್ದು ಆಮೇಲೆ, ಅಂದೆ.
ಶಂಸೀರ್ ಕಿವಿಯ ಮೇಲಿನ ಪೆನ್ನು ತೆಗೆದ,
ಹಳೆಯ ಹಾಳೆಯಲ್ಲೇ ಜಾಗ ಹುಡುಕಿ
ಬರೆದುಕೊಂಡ.
ಹೆಸರು ಕೇಳಲಿಲ್ಲ.