ರಬ್ಬರು ಚಿಗುರುವ ಹೊತ್ತು

"ಆಲ್ ಸೀಸನ್," ಅಂದ ಮೊಯ್ದು,
ಟೈರನ್ನು ಉರುಳಿಸುತ್ತ ತಂದು ನನ್ನ ಮೊಣಕಾಲಿಗೆ ಒರಗಿಸಿ.
ನಾಪೋಕ್ಲು ಪೇಟೆಯಲ್ಲಿ ಕಕ್ಕಡದ ಮಧ್ಯಾಹ್ನ.
ತಗಡಿನ ಮೇಲೆ ಮಳೆ; ಮಾತು ಅರ್ಧವೇ ಕೇಳಿತು.
"ಅಂದರೆ ಎಷ್ಟು ಸೀಸನ್?"
"ಕಂಪನಿಯವರು ಲೆಕ್ಕ ಹೇಳಲಿಲ್ಲ ತೀರ್ಥಣ್ಣ.
ಎಲ್ಲ ಅಂದ್ರು."

ಎಲ್ಲ ಅಂದರೆ ಯಾವುದೆಲ್ಲ?
ಅವರ ಕ್ಯಾಲೆಂಡರಿನಲ್ಲಿ ಪಾಚಿಯ ತಿಂಗಳು ಉಂಟೋ,
ಬೆಟ್ಟಗೇರಿ ತಿರುವಿನಲ್ಲಿ ಡಾಂಬರು ಹಸಿರಾಗಿ
ಬ್ರೇಕು ಮೆಟ್ಟಿದವರೆಲ್ಲ
ಇಗ್ಗುತ್ತಪ್ಪನನ್ನು ಕೂಗುವ ತಿಂಗಳು?

ಸ್ಟ್ಯಾಂಡಿನಲ್ಲಿ ಕೇಳಿದರೆ ಜೀಪಿನ ಚೀಯಣ್ಣ,
"ಹಲ್ಲು ದಪ್ಪ ಇರಬೇಕು, ಕೆಸರು ಕಚ್ಚಬೇಕು,
ಮಿಕ್ಕದ್ದು ಬರೀ ಚಿತ್ತಾರ."
ಸ್ಕೂಲ್ ವ್ಯಾನಿನ ಜಲಜಾಕ್ಷಿ ನಕ್ಕಳು.
ಅವಳ ಟೈರು ನಲವತ್ತೆಂಟು ಸಾವಿರ ಓಡಿದೆ.
ಕೊನೆಯ ಮಗುವನ್ನು ಇಳಿಸಿದ ಮೇಲೆ ದಿನಾ
ಒಂದು ರೂಪಾಯಿ ನಾಣ್ಯವನ್ನು ಗೀರಿಗೆ ತೂರಿಸಿ ನೋಡುತ್ತಾಳೆ,
ಸಿಂಹದ ಕಾಲು ಮುಳುಗಿತೋ ಇಲ್ಲವೋ.
ಮುಳುಗದ ದಿನ ವ್ಯಾನಿಗೆ ರಜೆ.
"ಮಕ್ಕಳಿಗೆ ಹೇಳಬೇಡಿ," ಅಂದಳು,
"ಇರುಳೆಲ್ಲ ಟೈರು ಉಜ್ಜುತ್ತಾರೆ."

ನಾಲ್ಕನ್ನೂ ಹಾಕಿಸಿದೆ. ದುಡ್ಡು ಎರಡು ಕಂತು.

ಸುಳ್ಳು ಹೇಳಬಾರದು: ನೀರಲ್ಲಿ ಹಿಡಿಯಿತು,
ಕೆಂಪು ಮಣ್ಣಲ್ಲಿ ಕೈಬಿಟ್ಟಿತು.
ಚೇರಂಬಾಣೆ ಹತ್ತಿರ ಓಮ್ನಿ ರಸ್ತೆಗೆ ಅಡ್ಡ ನಿಂತು
ಎದುರು ಬಂದ ಹಾಲಿನ ಗಾಡಿಯವನೂ ನಾನೂ
ಗಾಜಿನೊಳಗಿಂದ ಒಬ್ಬರನ್ನೊಬ್ಬರು ನೋಡಿ
ನಕ್ಕೆವು. ಯಾಕೋ.

ಜನವರಿಯಲ್ಲಿ ಭಾಗಮಂಡಲದಿಂದ ಬೆಳ್ಯಪ್ಪನ ಫೋನು.
ಜೇನುಪೆಟ್ಟಿಗೆ ಹನ್ನೆರಡು, ಕರಿಕೆಗೆ.
ಕಾಫಿ ಹೂವಿಗೆ ಇನ್ನೂ ಮಳೆಯಿಲ್ಲ, ಹುಳಗಳಿಗೆ ಹಸಿವು,
ಅಲ್ಲಿ ರಬ್ಬರು ಚಿಗುರುವ ಹೊತ್ತು.
ರಾತ್ರಿಯೇ ಹೋಗಬೇಕು, ಬಾಗಿಲಿಗೆ ಬಲೆ ಹೊಡೆದು, ಕುಲುಕದೆ.
ಎರಿ ಕುಸಿದರೆ ರಾಣಿ ಅದರಡಿ.

ಹಿಂದಿನ ಸೀಟು ಕಿತ್ತೆ.
ಮಂಜು ಡಾಂಬರಿನ ಮೇಲೆ ಬೆವರಿನ ಹಾಗೆ,
ಬೆವರಿಗೆ ಅಂಟಿ ಒಣ ಎಲೆ.
ಎರಡನೇ ಗೇರು.
ಹಳೆಯ ಟೈರು ನಲವತ್ತು ದಾಟಿದರೆ ಅಳುತ್ತಿತ್ತು,
ಇವಕ್ಕೆ ಒಂದೇ ಸಮ ಗುಂಯ್.
ಹಿಂದೆ ಹನ್ನೆರಡು ಪೆಟ್ಟಿಗೆಯೂ ಗುಂಯ್.
ಆರೇಳು ತಿರುವು ಕಳೆಯುವಷ್ಟರಲ್ಲಿ
ಯಾವ ಸದ್ದು ಯಾವುದರದ್ದೆಂದು ಕಿವಿ ಸೋತಿತು.
ಬೆಳ್ಯಪ್ಪ ಪೆಟ್ಟಿಗೆಗೆ ಕೆನ್ನೆ ಒತ್ತಿ "ನಿಧಾನ" ಅಂದ.
ನಿಧಾನವೇ ಇದ್ದೆ.

ಆಮೇಲೆ, ನಡು ರಸ್ತೆಯಲ್ಲಿ,
ಹಬೆ ಆಡುವ ಆನೆ ಲದ್ದಿ.
ಎಡಕ್ಕೆ ಚರಂಡಿ. ಬಲಕ್ಕೆ ಏನೂ ಇಲ್ಲ,
ಬರೀ ಗಾಳಿ.
ಮೆಟ್ಟಿದೆನೋ ಇಲ್ಲವೋ ಅನ್ನುವಷ್ಟು ಬ್ರೇಕು ಮೆಟ್ಟಿದೆ.
ಟೈರು ರಸ್ತೆಯನ್ನು ಹಿಡಿಯಿತೋ, ರಸ್ತೆ ಟೈರನ್ನೋ.
ಗುಂಯ್ ನಿಲ್ಲಲಿಲ್ಲ.
ಬೆಳ್ಯಪ್ಪ ತುಂಬ ಹೊತ್ತು ಮಾತಾಡಲಿಲ್ಲ,
ಆಮೇಲೆ ಬೀಡಿ ಕೇಳಿದ. ಅವನು ಸೇದುವವನಲ್ಲ.

ಕರಿಕೆಯಲ್ಲಿ ಇನ್ನೂ ಕತ್ತಲು.
ಟಾರ್ಚು ಬಿಟ್ಟರೆ ಮರದ ಹಿಂದೆ ಮರ,
ಸೊಂಟದಲ್ಲಿ ಓರೆ ಗಾಯ, ಮಗುಚಿಟ್ಟ ಚಿಪ್ಪು,
ಮೈಯೆಲ್ಲ ಬೋಳು,
ತುದಿಯಲ್ಲಿ ಮಾತ್ರ ತಾಮ್ರದ ಚಿಗುರು.
ಪೆಟ್ಟಿಗೆ ಇಳಿಸಿ ಕುಕ್ಕರಗಾಲಲ್ಲಿ ಕೂತು
ಟೈರಿಗೆ ಅಂಗೈ ಇಟ್ಟೆ. ಜ್ವರದ ಮಗುವಿನಷ್ಟು ಬಿಸಿ.

ಎಲ್ಲ ಕಾಲಕ್ಕೂ ಅಂತ ಪಕ್ಕೆಗೆ ಅಚ್ಚು ಹೊಡೆಸಿಕೊಂಡದ್ದು
ವರ್ಷಕ್ಕೊಂದು ಸಲ ಎಲ್ಲ ಕಳಚಿ ನಿಲ್ಲುವ
ಮರದ ಹಾಲು.
ಮೊಯ್ದುವಿಗೆ ಹೇಳಬೇಕು ಅಂದುಕೊಂಡೆ.
ಹೇಳಿದರೆ ನಗುತ್ತಾನೆ, ಬಾಕಿ ಕೇಳುತ್ತಾನೆ.

ಬೆಳಕು ಹರಿದಾಗ ಬಲೆ ಬಿಚ್ಚಿದ ಬೆಳ್ಯಪ್ಪ.
ಮೊದಲ ಹುಳ ಹೊರಗೆ ಬಂದು
ಚಿಗುರಿಗೆ ಹೋಗಲಿಲ್ಲ;
ಟೈರಿನ ಗೀರಿನಲ್ಲಿ ಉಳಿದಿದ್ದ ಇಬ್ಬನಿಗೆ ಇಳಿದು
ಕುಡಿದು, ಮೀಸೆ ಒರೆಸಿಕೊಂಡು ಹಾರಿತು.

ಹಿಂತಿರುಗುವಾಗ ಖಾಲಿ ಗಾಡಿ,
ಟೈರಿನ ಸದ್ದೊಂದೇ.
ಏನೋ ಬಿಟ್ಟು ಬಂದವನ ಹಾಗೆ
ಘಾಟಿ ಹತ್ತುವಷ್ಟರಲ್ಲಿ ಎರಡು ಸಲ ಕನ್ನಡಿ ನೋಡಿದೆ.