ಇನ್ನೊಂದ್ ಉಸ್ರು

ರುವೈಸಿನಾಚೆ, ನೀರು ತೆಳ್ಳಗೆ ಹಸಿರಾಗುವಲ್ಲಿ
ಹೂಳೆತ್ತುವ ಹಡಗಿನ ನೆತ್ತಿಯ ಮೇಲೆ
ನನಗೊಂದು ಕುರ್ಚಿ, ದುರ್ಬೀನು, ಕೆಂಪು ಬಾವುಟ.
ನೋಡುವುದೇ ಕೆಲಸ. ನೋಡುವುದಕ್ಕೇ ಸಂಬಳ.
ಮರವಂತೆಯಲ್ಲಿ ಹೇಳಿದರೆ ನಗುತ್ತಾರೆ:
ಬಲೆಯಿಲ್ಲದೆ ಕಡಲಿಗಿಳಿದ ಮೊಗವೀರ!

ಕೆಳಗೆ ಹುಲ್ಲು, ಎಕರೆಗಟ್ಟಲೆ, ಉಪ್ಪುನೀರಲ್ಲಿ ತೂಗುತ್ತ.
ನಡುವೆ ಕುಂಟೆ ಹೊಡೆದಂತೆ ಬೋಳು ಗೆರೆ,
ಕಡಲಹಸು ರಾತ್ರಿ ಮೇಯ್ದು ಹೋದ ದಾರಿ.
ಅದೇ ಹುಲ್ಲಿನಡಿ ನಾಳೆ
ಗ್ಯಾಸಿನ ಕೊಳವೆ.

ಹತ್ತೂ ಇಪ್ಪತ್ತಕ್ಕೆ
ಎರಡು ಹೊಳ್ಳೆ ಮೇಲೆದ್ದು ಫುಸ್ಸೆಂದವು.
ಮಗ್ಗುಲಲ್ಲಿ ಇನ್ನೆರಡು, ಚಿಕ್ಕವು.
ಬಾವುಟ ಎತ್ತಿದೆ.
ಹಡಗಿನ ಗಡಗಡ ಒಮ್ಮೆಲೇ ಸತ್ತು
ಕಿವಿಯಲ್ಲಿ ನನ್ನದೇ ನೆತ್ತರ ಸದ್ದು.

‘ಅರ್ಧ ಗಂಟೆ,’ ಗಡಿಯಾರ ತಟ್ಟಿದ ಎಂಜಿನಿಯರ್ ಜೋಬಿ,
‘ಎಷ್ಟು ದಿರ್ಹಮ್ ಗೊತ್ತಾ?’
ಗೊತ್ತು. ನನ್ನ ಆರು ವರ್ಷ.
ಪಹರೆಯ ದೋಣಿಯಿಂದ ಮುದುಕ ಉಬೈದ್ ಕೂಗಿದ:
‘ನಮ್ಮಜ್ಜ ತಿಂದಿದ್ದ ಇದನ್ನ, ಎಳಗರುವಿನ ರುಚಿಯಂತೆ.
ಹಸಿವಿತ್ತು ಆಗ.’

ಊರಿಂದ ಫೋನು. ಸರಸು.
ಹಿಂದೆ ಕುಚ್ಚಲಕ್ಕಿ ಕುದಿಯುವ ಸದ್ದು.
‘ಸಿಲಿಂಡರ್ ಮುಗೀತಾ ಬಂತ್, ಬುಕ್ ಮಾಡಿದೆ’ ಅಂದಳು.
ಆ ನೀಲಿ ಉರಿಯ ಬೇರು
ಎಲ್ಲೆಲ್ಲಿ ಇಳಿದಿದೆ ಅಂತ
ನಾನು ಹೇಳಹೋಗಲಿಲ್ಲ. ಅನ್ನ ಬೇಯಲಿ.

ಮೂವತ್ತು ನಿಮಿಷ ತುಂಬಿತು.
ನೀರು ನುಣ್ಣಗೆ, ಇಸ್ತ್ರಿ ಹಾಕಿದಂತೆ.
ಹೋದವೋ, ಅಡಿಯಲ್ಲೇ ಮೇಯುತ್ತಿವೆಯೋ.
ಬಾವುಟದ ಕೋಲು ಅಂಗೈಯಲ್ಲಿ ಬೆವರುತ್ತಿದೆ.
ಇಡೀ ಹಡಗು ನನ್ನ ಕೈಯನ್ನೇ ನೋಡುತ್ತಿದೆ.

‘ಇನ್ನೊಂದ್ ಉಸ್ರು ಕಾಂಬ’ ಅಂದೆ,
ನಮ್ಮೂರ ಮಾತಲ್ಲೇ.
ಜೋಬಿಯ ಮಲಯಾಳಕ್ಕೂ
ಅಷ್ಟು ತಿಳಿಯುತ್ತದೆ.